ನಿಲ್ಲಲು ಬಾರದ ಓದುಗ

"ಮಾತಾಡ್ತದೇನವ್ವಾ?" ನಡುಮನೆಯಿಂದ ಅಪ್ಪಾಜಿ ಕೇಳಿದರು.

"ಇನ್ನೂ ಇಲ್ಲ ಅಪ್ಪಾಜಿ," ಅಂದೆ.

ಆ ಮಧ್ಯಾಹ್ನ ಅವರು ಎಷ್ಟು ಸಲ ಕೇಳಿದರೋ, ನಾನು ಎಷ್ಟು ಸಲ ಅದೇ ಉತ್ತರ ಕೊಟ್ಟೆನೋ. ನನ್ನೆದುರು ಕಪ್ಪು ಪರದೆ. ಅದರ ಎಡಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಣುಕುತ್ತಿತ್ತು. ಬೆಳಿಗ್ಗೆಯಷ್ಟೇ ಒಂದು ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬುದನ್ನು ಹಾಕಿದ್ದೆ. ಹಾಕುವಾಗ ಅದು ಬಹಳ ಸಂಭಾವಿತನಂತೆ ನಡೆದುಕೊಂಡಿತ್ತು. ಭಾಷೆ ಯಾವುದು, ಊರು ಯಾವ ದಿಕ್ಕಿನಲ್ಲಿದೆ ಎಂದೆಲ್ಲ ಕೇಳಿ, ಕೊನೆಗೆ ಸ್ವಾಗತ ಎಂದು ಕನ್ನಡದಲ್ಲೇ ಬರೆದು, ಒಂದು ಸಲ ಆರಿಸಿ ಹಚ್ಚಿ ಅಂದಿತ್ತು. ಹಚ್ಚಿದ ಮೇಲೆ ಈ ಗೆರೆ. ಯಾವ ಗುಂಡಿ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ.

ನಮ್ಮದು ಅಜ್ಜಂಪುರದಲ್ಲಿ ಒಂದು ಮೆಡಿಕಲ್ ಶಾಪ್. ಮುಂದೆ ಅಂಗಡಿ, ಹಿಂದೆ ಮನೆ. ನಾನು, ನನ್ನ ಯಜಮಾನರು ಸರದಿಯ ಮೇಲೆ ಕೂರುತ್ತೇವೆ. ಅಂಗಡಿಗೆ ಬಿಲ್ ಮಾಡುವ ಕಂಪ್ಯೂಟರ್ ಬಂದ ದಿನವೇ ನನಗೆ ಅದರ ಹುಚ್ಚು ಹತ್ತಿತು. ಅದು ಕೆಟ್ಟು ನಿಂತ ಒಂದು ಭಾನುವಾರ ನಾನೇ ಸ್ಕ್ರೂ ಬಿಚ್ಚಿ, ಒಳಗಿನ ದೂಳು ಊದಿ, ಕಳಚಿಕೊಂಡಿದ್ದ ಒಂದು ವೈರು ಸಿಕ್ಕಿಸಿ ಸರಿಮಾಡಿದ್ದೆ. ಅಷ್ಟು ಹೊತ್ತೂ ಯಜಮಾನರು ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಅಂದಿನಿಂದ ಬೀದಿಯಲ್ಲಿ ಯಾರ ಮನೆಯ ಕಂಪ್ಯೂಟರ್ ಮುನಿಸಿಕೊಂಡರೂ ನನಗೇ ಬುಲಾವ್. ನನಗೂ ಅದರಲ್ಲಿ ಸ್ವಲ್ಪ ಜಂಬವಿತ್ತು. ಆ ಜಂಬವೆಲ್ಲ ಲಿನಕ್ಸ್ ಬಂದ ಮೇಲೆ ಇಳಿಯಿತು.

ಅಪ್ಪಾಜಿಯ ಸಲುವಾಗಿಯೇ ನಾನು ಇದಕ್ಕೆ ಕೈಹಾಕಿದ್ದು. ಅವರು ಶಿವನಿಯಲ್ಲಿ ಮೇಷ್ಟ್ರಾಗಿದ್ದವರು. ಅಲ್ಲಿ ಅಣ್ಣನ ಮನೆಯಿದೆ, ಅತ್ತಿಗೆ ಬಂಗಾರದಂಥವಳು. ಆದರೂ ಕಣ್ಣಿನ ತೊಂದರೆ ಜಾಸ್ತಿಯಾದಾಗ ಹೊತ್ತುಹೊತ್ತಿಗೆ ಔಷಧಿ ಹಾಕಲು ನಾನೇ ಸರಿ ಎಂದು ನಮ್ಮಲ್ಲಿಗೆ ಬಂದರು. ಔಷಧಿಯೇನೋ ತಪ್ಪದೆ ಹಾಕಿದೆ. ಗ್ಲಾಕೋಮಾ ಎಂಬುದು ಔಷಧಿ ಅಂಗಡಿಯವಳ ಅಪ್ಪ ಎಂದು ದಾಕ್ಷಿಣ್ಯ ನೋಡುವುದಿಲ್ಲ. ಬೆಳಕು ಬದಿಗಳಿಂದ ಕಿರಿದಾಗುತ್ತ ಬಂದು, ಕೊನೆಗೆ ಕಿಟಕಿ ಯಾವ ಕಡೆ ಇದೆ ಅನ್ನುವುದಷ್ಟೇ ಗೊತ್ತಾಗುವಂತಾಯಿತು.

ನಮ್ಮ ಕಡೆಯ ಮಠದಲ್ಲಿ ಶ್ರಾವಣ ಮಾಸ ಪೂರ್ತಿ ಸಂಜೆ ಪುರಾಣ ನಡೆಯುತ್ತದೆ. ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುವುದು. ಓದುವವರು ದೇವನೂರಿನ ಕಡೆಯ ಒಬ್ಬ ರೈತರು, ಅಪ್ಪಾಜಿಯ ಓರಗೆಯವರು. ಅರ್ಥ ಹೇಳುವವರು ಅಪ್ಪಾಜಿ. ಚಿಕ್ಕವಳಿದ್ದಾಗ ನಾನು ಕಂಬಕ್ಕೊರಗಿ ಕೂತು ನೋಡುತ್ತಿದ್ದೆ. ದೇವನೂರಿನವರು ಒಂದು ಸಾಲು ಎಳೆದು ಹಾಡುತ್ತಿದ್ದಂತೆ ಅಪ್ಪಾಜಿ ಬಲಗೈಯ ತೋರುಬೆರಳನ್ನು ಎತ್ತುತ್ತಿದ್ದರು. ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಅಪ್ಪಾಜಿ ಅರ್ಥ ಹೇಳುವರು, ಉಪಕಥೆ ಹೇಳುವರು, ಮುಂದೆ ಕೂತವರ ಕಾಲೆಳೆಯುವರು, ನಗಿಸುವರು. ಎಲ್ಲ ಮುಗಿದ ಮೇಲೆ ಬೆರಳು ಕೆಳಗಿಳಿಯುತ್ತಿತ್ತು. ಆಗ ಮುಂದಿನ ಸಾಲು.

ಅಂದಂದಿನ ಭಾಗವನ್ನು ಮಧ್ಯಾಹ್ನವೇ ಒಂದು ಸಲ ನೋಡಿಕೊಳ್ಳದೆ ಅಪ್ಪಾಜಿ ಯಾವತ್ತೂ ಪುರಾಣದ ಹಾಸಿನ ಮೇಲೆ ಕೂತವರಲ್ಲ. ಊಟವಾದ ಮೇಲೆ ಇಬ್ಬರೂ ಮಠದ ಜಗುಲಿಯಲ್ಲಿ ಕೂತು ಅದನ್ನೇ ಮಾಡುತ್ತಿದ್ದರು. ಇವರ ಕಣ್ಣು ಹೋದ ಮೇಲೂ ಆ ಜೋಡಿ ನಡೆದಿತ್ತು. ಆಮೇಲೆ ದೇವನೂರಿನವರು ತೀರಿಕೊಂಡರು. ಮರುವರ್ಷ ಮಠದವರು ಕರೆದಾಗ ಅಪ್ಪಾಜಿ ಹೋಗಲಿಲ್ಲ. ಅದರ ಮುಂದಿನ ವರ್ಷವೂ ಹೋಗಲಿಲ್ಲ. ಮಾತೂ ಕಡಿಮೆಯಾಯಿತು. ಊಟಕ್ಕೆ ಕರೆದರೆ "ಹೂಂ", ಔಷಧಿ ಹಾಕಿದರೆ "ಹೂಂ". ಒಂದು ಶಬ್ದಕ್ಕೆ ಗಂಟೆಗಟ್ಟಲೆ ಅರ್ಥ ಹೇಳುತ್ತಿದ್ದ ಮನುಷ್ಯ ಹೀಗೆ ಕೂತದ್ದು ನನಗೆ ಸಹಿಸಲಾಗಲಿಲ್ಲ.

ನಾನೇ ಓದಿ ಹೇಳುತ್ತೇನೆ ಎಂದು ಕೂತೆ. ನಾಲ್ಕು ಪದ್ಯ ಓದುವಷ್ಟರಲ್ಲಿ ಅಂಗಡಿಯಿಂದ ಕೂಗು. ಯಾರಿಗೋ ಜ್ವರದ ಮಾತ್ರೆ, ಯಾರಿಗೋ ಮಗುವಿನ ಗ್ರೈಪ್ ವಾಟರ್. ಎದ್ದು ಹೋಗಿ ಬಂದು ಕೂತರೆ ಎಲ್ಲಿಗೆ ಬಿಟ್ಟಿದ್ದೆ ಎಂದು ನನಗೇ ಗೊತ್ತಿರುತ್ತಿರಲಿಲ್ಲ. ಯಜಮಾನರು ಕೂತರೆ ಎರಡನೇ ಪದ್ಯಕ್ಕೆ ಆಕಳಿಕೆ. ಸ್ವಲ್ಪ ದಿನ ನೋಡಿ ಅಪ್ಪಾಜಿಯೇ, "ಬ್ಯಾಡ ಬಿಡವ್ವ, ನಿಮ್ಗೂ ಕೆಲ್ಸ ಇರ್ತವೆ. ನನ್ನ ಪಾಡಿಗೆ ನಾ ಓದ್ಕಣಂಗಿದ್ರೆ ಆಗೋದು, ಅದಿಲ್ಲ," ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವರ ಪಾಡಿಗೆ ಅವರು ಓದಿಕೊಳ್ಳುವ ಹಾಗೆ ಮಾಡಲೇಬೇಕು ಎಂದು ಹಠಕ್ಕೆ ಬಿದ್ದೆ.

ಮೊದಲು ಫೋನ್ ಕೊಟ್ಟು ನೋಡಿದೆ. ಮುಟ್ಟಿದರೆ ಮಾತಾಡುವ ಸೌಲಭ್ಯ ಅದರಲ್ಲಿದೆ, ನಿಜ. ಆದರೆ ನುಣ್ಣನೆಯ ಗಾಜಿನ ಮೇಲೆ ಅಪ್ಪಾಜಿಯ ಬೆರಳಿಗೆ ಆಧಾರವೇ ಸಿಗಲಿಲ್ಲ. ಪುರಾಣ ಹುಡುಕಲು ಹೋಗಿ ತಹಸೀಲ್ದಾರ್ ಕಚೇರಿಯಲ್ಲಿರುವ ನನ್ನ ಮೈದುನನಿಗೆ ಮೂರು ಹೊತ್ತೂ ಫೋನ್ ಹೋಗತೊಡಗಿತು. "ಅಪ್ಪಾಜಿಗೆ ಏನಾದ್ರೂ ಆಯ್ತಾ ಅತ್ಗೇ?" ಎಂದು ಅವನು ಗಾಬರಿಯಿಂದ ಕೇಳುವುದು, ಏನೂ ಇಲ್ಲ ಕಣಪ್ಪಾ ಎಂದು ನಾನು ಸಮಾಧಾನ ಹೇಳುವುದು. ಬೆರಳಿಗೆ ಸಿಗುವಂಥ ಗುಂಡಿಗಳಿರುವ ಯಂತ್ರವೇ ಬೇಕು ಅನ್ನಿಸಿತು.

ಕಡೂರಿನಲ್ಲಿ ಹಳೆಯ ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಒಂದು ಅಂಗಡಿಯಿದೆ. ಅಲ್ಲಿಂದ ಒಂದನ್ನು ತಂದೆ. ಅದರಲ್ಲಿದ್ದ ವಿಂಡೋಸ್‌ಗೆ ವಯಸ್ಸಾಗಿತ್ತು. ಹೊಸದನ್ನು ಹಾಕಿದರೆ ಹೊರುವ ಶಕ್ತಿ ಯಂತ್ರಕ್ಕಿರಲಿಲ್ಲ. ತರೀಕೆರೆಯ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳತಿಯೊಬ್ಬಳು, "ಲಿನಕ್ಸ್ ಹಾಕು ಕಣೇ. ಯಾರದ್ದೂ ಅಲ್ಲ, ಎಲ್ಲರದ್ದೂ. ಒಳಗೆ ಏನಿದೆ ಅಂತ ಬಿಚ್ಚಿ ನೋಡ್ಬೋದು, ಬೇಕಾದಂಗೆ ತಿದ್ದಿಕೋಬೋದು. ಕಣ್ಣು ಕಾಣದೋರಿಗೆ ಓದಿ ಹೇಳೋದೂ ಅದ್ರಲ್ಲೇ ಇದೆ," ಎಂದು ಒಂದು ಪೆನ್‌ಡ್ರೈವ್ ಕೊಟ್ಟಳು. ಬಿಚ್ಚಿ ನೋಡಬಹುದು ಅಂದಳಲ್ಲ, ನನ್ನಂಥವಳಿಗೆ ಅಷ್ಟು ಸಾಕಾಯಿತು. ತರೀಕೆರೆಯಿಂದ ಬರುವಾಗ ಬಸ್ಸಿನಲ್ಲಿ ಆ ಪೆನ್‌ಡ್ರೈವನ್ನು ಪರ್ಸಿನಿಂದ ತೆಗೆದು ತೆಗೆದು ನೋಡಿಕೊಂಡೆ.

ಹಾಗೆ ಶುರುವಾದದ್ದು ಈ ಮಿಣುಕುವ ಗೆರೆಗೆ ಬಂದು ನಿಂತಿತ್ತು. ಗೆಳತಿಗೆ ಫೋನ್ ಮಾಡಿದರೆ, ಶುರುವಾಗುವಾಗ ಇಂಥ ಗುಂಡಿ ಒತ್ತಿ ಹಿಡಿದುಕೋ, ಬರುವ ಸಾಲಿಗೆ ಇಂಥ ಪದ ಸೇರಿಸು ಅಂದಳು. ಸೇರಿಸಿದೆ. ಪರದೆ ಬಂತು, ಬಣ್ಣ ಬಂತು. ಇಂಟರ್‌ನೆಟ್ ಬರಲಿಲ್ಲ. ವೈಫೈ ಹಿಡಿಯುವ ಸಾಧನಕ್ಕೆ ಬೇಕಾದ ತಂತ್ರಾಂಶ ಇಲ್ಲವಂತೆ, ಅದನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕಂತೆ. ಇಂಟರ್‌ನೆಟ್ ಬರಬೇಕಾದರೆ ಇಂಟರ್‌ನೆಟ್ ಇರಬೇಕು. ಈ ಬುದ್ಧಿವಂತಿಕೆಯನ್ನು ಯಾರು ಕಂಡುಹಿಡಿದರೋ, ಅವರು ನನ್ನ ಕೈಗೆ ಸಿಗಬೇಕಿತ್ತು. ಕೊನೆಗೆ ಯಜಮಾನರ ಫೋನನ್ನು ವೈರಿನಲ್ಲಿ ಅದಕ್ಕೆ ಕಟ್ಟಿ ಹಾಕಿ ಇಳಿಸಿಕೊಂಡೆ. ಅಷ್ಟು ಹೊತ್ತು ಅವರು ಫೋನಿಲ್ಲದೆ ಅಂಗಡಿಯಲ್ಲಿ ಚಡಪಡಿಸಿದರು.

ಆಮೇಲೆ ಪಾಸ್‌ವರ್ಡಿನ ಫಜೀತಿ. ಏನನ್ನಾದರೂ ಒಳಗೆ ಸೇರಿಸಬೇಕಾದರೆ ಕಪ್ಪು ಕಿಟಕಿಯಲ್ಲಿ ಅಪ್ಪಣೆ ಬರೆದು ಪಾಸ್‌ವರ್ಡ್ ಕೊಡಬೇಕು. ನಾನು ಹೊಡೆಯುತ್ತಲೇ ಇದ್ದೇನೆ, ಪರದೆಯ ಮೇಲೆ ಒಂದು ಚುಕ್ಕಿಯೂ ಬೀಳುತ್ತಿಲ್ಲ. ಕೀಬೋರ್ಡ್ ಸತ್ತಿದೆ ಎಂದುಕೊಂಡು ಅದನ್ನು ಚೀಲಕ್ಕೆ ಹಾಕಿಕೊಂಡು ಕಡೂರಿಗೆ ಹೋದೆ. ಅಂಗಡಿಯವರು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, "ಚೆನ್ನಾಗೇ ಹೊಡೀತೈತಲ್ಲ ಅಕ್ಕಾ," ಎಂದು ವಾಪಸು ಕೊಟ್ಟರು. ಲಿನಕ್ಸ್ ಪಾಸ್‌ವರ್ಡನ್ನು ಚುಕ್ಕಿಯ ರೂಪದಲ್ಲೂ ತೋರಿಸುವುದಿಲ್ಲ, ಕಾಣದಿದ್ದರೂ ಹೊಡೆದು ಎಂಟರ್ ಒತ್ತಬೇಕು ಎಂದು ಗೆಳತಿ ಹೇಳಿದಾಗ ನಾನು ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಆ ಬಿಸಿಲಿನಲ್ಲಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಇಂಟರ್‌ನೆಟ್‌ನಲ್ಲಿ ಕೇಳಿದರೆ ಸಹಾಯ ಮಾಡುತ್ತಾರೆ ಎಂದು ಕೇಳಿದ್ದೆ. ಕೇಳಿದೆ. ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಾಗಿದೆ, ಹುಡುಕಿ ಅಂದರು ಒಬ್ಬರು. ಕೈಪಿಡಿ ಓದಿ ಬನ್ನಿ ಅಂದರು ಇನ್ನೊಬ್ಬರು. ಮೂರನೆಯವರು ನೀವು ಹಾಕಿಕೊಂಡಿರುವ ಲಿನಕ್ಸೇ ಸರಿಯಿಲ್ಲ, ಬೇರೆ ಜಾತಿಯದು ಹಾಕಿ ಎಂದರು. ಅಲ್ಲಿಗೆ ಅವರವರಲ್ಲೇ ಯಾವ ಜಾತಿ ಮೇಲು ಎಂದು ಜಗಳ ಹತ್ತಿಕೊಂಡು ನನ್ನ ಪ್ರಶ್ನೆಯನ್ನು ಎಲ್ಲರೂ ಮರೆತರು. ಕೈಪಿಡಿ ಓದಿದೆ. ತಲೆ ಬುಡ ಅರ್ಥವಾಗಲಿಲ್ಲ. ಔಷಧಿ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿಯನ್ನು ಜನ ಯಾಕೆ ಓದದೆ ಬಿಸಾಡುತ್ತಾರೆ ಎಂಬುದು ಅವತ್ತು ನನಗೆ ಗೊತ್ತಾಯಿತು.

ದೊಡ್ಡ ಕಷ್ಟ ಸದ್ದಿನದು. ಓದಿ ಹೇಳುವ ತಂತ್ರಾಂಶ ಓಡುತ್ತಿದೆ ಅನ್ನುತ್ತದೆ, ಸ್ಪೀಕರ್ ಮಾತ್ರ ಮೌನ. ವೈರು ಬದಲಿಸಿದೆ, ಸ್ಪೀಕರ್ ಬದಲಿಸಿದೆ, ಲಿನಕ್ಸನ್ನೇ ಅಳಿಸಿ ಮತ್ತೆ ಹಾಕಿದೆ. ಪ್ರತಿ ಮಧ್ಯಾಹ್ನ ಅಂಗಡಿಗೆ ಬಿಡುವಾದ ಹೊತ್ತಿನಲ್ಲಿ ನಾನು ಅದರ ಮುಂದೆ, ಅಪ್ಪಾಜಿ ನಡುಮನೆಯಲ್ಲಿ. "ಮಾತಾಡ್ತದೇನವ್ವಾ?" "ಇನ್ನೂ ಇಲ್ಲ." ಯಜಮಾನರು ಊಟಕ್ಕೆ ಬಂದಾಗಲೆಲ್ಲ, "ಎಮ್ಮೆದೊಡ್ಡಿ ಕಾವಲಲ್ಲಿ ಮೇಯೋ ಪುಂಡು ಹೋರಿನಾದ್ರೂ ಪಳಗಿಸ್ಬೋದು, ನಿನ್ನ ಲಿನಕ್ಸು ಪಳಗಂಗೆ ಕಾಣಲ್ಲ," ಎಂದು ಕಿಚಾಯಿಸುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಇದರ ನಡುವೆ ಮಠದಿಂದ ಫೋನ್ ಬಂತು. ಈ ಶ್ರಾವಣಕ್ಕೆ ರಾಗವಾಗಿ ಓದುವವರು ಹೊಸಬರು ಸಿಕ್ಕಿದ್ದಾರೆ, ಅವರು ಸಂಜೆಯ ಹೊತ್ತಿಗಷ್ಟೇ ಬರುತ್ತಾರೆ, ಅರ್ಥ ಹೇಳಲು ಮೇಷ್ಟ್ರು ಬರಬೇಕು ಎಂದರು. ಅಪ್ಪಾಜಿ, "ನೋಡ್ಕಂಡು ಹೇಳ್ತೀನಿ ಬುದ್ಧಿ," ಅಂದರು. ಫೋನಿಟ್ಟ ಮೇಲೆ ನನಗೆ, "ಮುಂಚಿತವಾಗಿ ನೋಡ್ಕಳ್ದೆ ಹೆಂಗವ್ವಾ ಕೂರೋದು? ಬಾಯಿಗೆ ಬಂದದ್ದು ಹೇಳಕಾಗ್ತದಾ?" ಅಂದರು. ಆಷಾಢ ಮುಗಿಯುವುದರೊಳಗೆ ಉತ್ತರ ಹೇಳದಿದ್ದರೆ ತರೀಕೆರೆಯಿಂದ ಬೇರೆ ಯಾರನ್ನೋ ಕರೆಸುತ್ತಾರೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹಾಗೆ ಒಂದು ಸಲ ಬೇರೆಯವರು ಬಂದು ಕೂತರೆ ಅಪ್ಪಾಜಿ ಮತ್ತೆ ಆ ಹಾಸಿನ ಕಡೆ ತಲೆಹಾಕುವವರಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಸದ್ದು ಕೊನೆಗೂ ಬಂತು. ತಪ್ಪು ಎಲ್ಲಿತ್ತು ಎಂದು ಹೇಳಲೂ ನಾಚಿಕೆ. ಈ ಲಿನಕ್ಸ್ ಹುಟ್ಟುವಾಗಲೇ ಬಾಯಿ ಮುಚ್ಚಿಕೊಂಡು ಹುಟ್ಟಿತ್ತು. ಕಪ್ಪು ಕಿಟಕಿಯೊಳಗೆ ಧ್ವನಿಯ ಕಂಬಗಳನ್ನು ತೋರಿಸುವ ಒಂದು ಜಾಗವಿದೆ. ಅಲ್ಲಿ ಒಂದೇ ಒಂದು ಅಕ್ಷರದ ಗುಂಡಿ ಒತ್ತಿದರೆ ಬಾಯಿ ಬಿಡುತ್ತದೆ. ಒತ್ತಿದ ತಕ್ಷಣ ಸ್ಪೀಕರಿನಿಂದ ಗಂಡಸಿನ ಧ್ವನಿಯೊಂದು ಇಂಗ್ಲಿಷಿನಲ್ಲಿ ಗಡಗಡನೆ ಏನೋ ಒದರಿತು.

"ಇದ್ಯಾರವ್ವಾ ಬಂದೋರು?" ಅಂದರು ಅಪ್ಪಾಜಿ.

"ಯಾರೂ ಇಲ್ಲ ಅಪ್ಪಾಜಿ, ಮಾತಾಡ್ತು!" ಎಂದು ನಾನು ಕೂಗಿದೆ.

ಕನ್ನಡದ ಧ್ವನಿಗೆ ಬದಲಿಸಿದೆ. ಪುರಾಣದ ಪದ್ಯಗಳನ್ನು ಇಂಟರ್‌ನೆಟ್‌ನಿಂದ ಇಳಿಸಿ, ಸಾಲುಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದೆ. ಕೀಬೋರ್ಡಿನ ಬಲತುದಿಯಲ್ಲಿ ಅಂಕಿಗಳ ಪಕ್ಕ ಪ್ಲಸ್ ಎಂಬ ಉದ್ದನೆಯ ಗುಂಡಿಯಿದೆ. ಅದನ್ನು ಒತ್ತಿದರೆ ಇಡೀ ಪಾಠ ಓದುತ್ತದೆ. ಅಪ್ಪಾಜಿಯ ಬೆರಳಿಗೆ ಗೊತ್ತಾಗಲಿ ಎಂದು ಗಾಯಕ್ಕೆ ಹಾಕುವ ಪ್ಲಾಸ್ಟರಿನ ಒಂದು ಚೂರು ಕತ್ತರಿಸಿ ಅದರ ಮೇಲೆ ಅಂಟಿಸಿದೆ. ನೂರೆಂಟು ಗುಂಡಿ ಹೇಳಿಕೊಟ್ಟು ಅವರನ್ನು ಗಲಿಬಿಲಿ ಮಾಡುವುದು ಬೇಡ, ಒಂದೇ ಗುಂಡಿ ಸಾಕು ಎಂಬುದು ನನ್ನ ಜಾಣತನ. ಅಪ್ಪಾಜಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪಂಚೆ ಸರಿಮಾಡಿಕೊಂಡು ಬಂದು ಕುರ್ಚಿಯ ಮೇಲೆ ಕೂತರು. ಪ್ಲಾಸ್ಟರ್ ಹುಡುಕಿ ಒತ್ತಿದರು.

ಯಂತ್ರ ಓದತೊಡಗಿತು. ಧ್ವನಿ ತಗಡಿನ ಡಬ್ಬದೊಳಗಿಂದ ಬಂದ ಹಾಗಿತ್ತು, ಮೂಗು ಬೇರೆ ಕಟ್ಟಿತ್ತು. ಆದರೂ ಪದ್ಯವೇ, ಕನ್ನಡವೇ. ಮೊದಲ ಸಾಲು ಮುಗಿಯುತ್ತಿದ್ದಂತೆ ಅಪ್ಪಾಜಿಯ ತೋರುಬೆರಳು ಮೇಲೆದ್ದಿತು. ಅಂಗಡಿಯ ಬಾಗಿಲಿಗೆ ಓಡಿಹೋಗಿ ಯಜಮಾನರಿಗೆ, "ಬಂದು ನೋಡಿ, ಅಪ್ಪಾಜಿ ಮಠದಲ್ಲಿ ಕೂತಂಗೆ ಕೂತಿದಾರೆ," ಅಂದೆ. ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ಬೆರಳು ಮೇಲೇ ಇತ್ತು. ಯಂತ್ರ ಎರಡನೇ ಸಾಲು ದಾಟಿ, ಮೂರನೆಯದು ದಾಟಿ, ಪದ್ಯದ ಕೊನೆಯ ಸಂಖ್ಯೆಯನ್ನೂ ಭಕ್ತಿಯಿಂದ ಓದಿ, ಮುಂದಿನ ಪದ್ಯಕ್ಕೆ ನುಗ್ಗಿತು. ಸ್ವಲ್ಪ ಹೊತ್ತಿನ ಮೇಲೆ ಬೆರಳು ಕೆಳಗಿಳಿಯಿತು.

"ಸಾಕು ಕಣವ್ವ, ಆರ್ಸು," ಅಂದರು.

"ಯಾಕಪ್ಪಾಜಿ?"

"ಯಾವನಪ್ಪ ಇವ್ನು, ಶೀತ ಆಗೈತೆ ಇವ್ನಿಗೆ," ಎಂದು ಎದ್ದು ಹೋದರು.

ಧ್ವನಿ ಸರಿಯಿಲ್ಲ, ಅದಕ್ಕೇ ಹಿಡಿಸಲಿಲ್ಲ ಎಂದುಕೊಂಡೆ. ಅಲ್ಲಿಂದ ನನ್ನ ನಿಜವಾದ ವನವಾಸ ಶುರುವಾಯಿತು. ಬೇರೆ ಧ್ವನಿ ಹುಡುಕಿದೆ, ಹೆಣ್ಣು ಧ್ವನಿ ಹಾಕಿದೆ, ದಪ್ಪ ಮಾಡಿದೆ, ತೆಳ್ಳಗೆ ಮಾಡಿದೆ. ಪದ್ಯದ ಸಂಖ್ಯೆಗಳನ್ನು ಒಂದೊಂದಾಗಿ ಅಳಿಸಿದೆ. ಯಂತ್ರ ಕೆಡಿಸುವ ಪದಗಳಿಗೆ ಹೇಗೆ ಹೇಳಬೇಕು ಎಂದು ಬೇರೆಯಾಗಿ ಕಲಿಸಿದೆ. ಗೆಳತಿ ಹೇಳಿದ್ದು ನಿಜ, ಇದನ್ನು ಬಿಚ್ಚಬಹುದು, ತಿದ್ದಬಹುದು. ತಿದ್ದಬಹುದು ಎಂದು ಗೊತ್ತಾದ ಮೇಲೆ ಎಲ್ಲಿಗೆ ನಿಲ್ಲಿಸಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಒಂದು ದಿನ ತಾನಾಗಿಯೇ ಅಪ್‌ಡೇಟ್ ಆಗಿ, ನಾನು ತಿದ್ದಿದ್ದೆಲ್ಲ ಅಳಿಸಿಹೋಗಿ, ಮತ್ತೆ ಮೂಗು ಕಟ್ಟಿದವನೇ ಬಂದು ಕೂತ. ಮೈ ಉರಿದುಹೋಯಿತು. ಪೆನ್‌ಡ್ರೈವ್ ಕೊಟ್ಟ ಗೆಳತಿಗೆ ಫೋನ್ ಮಾಡಿ ಬೈದೆ. ಅವಳು ನಗುತ್ತ, "ಈಗ ನೀನು ನಮ್ಮೋಳಾದೆ ಬಿಡು," ಅಂದಳು.

ಪ್ರತಿ ಸಲ ಸರಿಮಾಡಿದ ಮೇಲೂ ಅಪ್ಪಾಜಿಯನ್ನು ಕೂರಿಸುವುದು. ಅವರು ಪ್ಲಾಸ್ಟರ್ ಒತ್ತುವುದು. ಬೆರಳು ಮೇಲೇಳುವುದು. ಕೊಂಚ ಹೊತ್ತಿಗೆ ಇಳಿಯುವುದು. "ಸಾಕು."

"ಈಗ ಧ್ವನಿ ಚೆನ್ನಾಗಿದೆಯಲ್ಲ ಅಪ್ಪಾಜಿ?" ಎಂದು ಕೇಳಿದರೆ, "ಧ್ವನಿಗೇನವ್ವಾ, ಐತೆ. ಇದು ಓದಲ್ಲ, ಸುರೀತದೆ," ಅಂದರು. ವೇಗ ಜಾಸ್ತಿಯಾಯಿತು ಎಂದುಕೊಂಡು ತಗ್ಗಿಸಿದೆ. ಮರುದಿನ ಕೂರಿಸಿದರೆ, "ಈಗ ನಿದ್ದೆ ಬತ್ತದೆ," ಅಂದರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ನಿಮಗೆ ಏನು ಮಾಡಿದ್ರೂ ಆಗಲ್ಲ ಅಪ್ಪಾಜಿ. ದೇವನೂರಿನೋರ ಧ್ವನಿನೇ ಬೇಕು ಅಂದ್ರೆ ನಾನೆಲ್ಲಿಂದ ತರ್ಲಿ?" ಎಂದುಬಿಟ್ಟೆ. ಮಾತು ಬಾಯಿಂದ ಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಅಪ್ಪಾಜಿ ಎದ್ದರು. ಗೋಡೆ ಹಿಡಿದುಕೊಂಡು ನಡುಮನೆಗೆ ಹೋಗಿ ಕೂತರು. ನಾನು ಕಂಪ್ಯೂಟರಿನ ಮೇಲೆ ಒಂದು ಹಳೆಯ ಸೀರೆ ಹೊದೆಸಿ ಅಂಗಡಿಗೆ ನಡೆದೆ. ಅವತ್ತು ಗಿರಾಕಿಗಳಿಗೆಲ್ಲ ಸಿಡುಕಿದೆ.

ಸೀರೆಯನ್ನು ತೆಗೆದವರು ಅಪ್ಪಾಜಿಯೇ. ಕೆಲವು ದಿನ ಬಿಟ್ಟು ಒಂದು ಬೆಳಿಗ್ಗೆ, ಆಷಾಢ ಇನ್ನೇನು ಮುಗಿಯುತ್ತಿದೆ ಅನ್ನುವಾಗ, "ಇನ್ನೊಂದಪ ಹಚ್ಚವ್ವ, ನೋಡಾನ," ಅಂದರು. ಹಚ್ಚಿದೆ. ಪ್ಲಾಸ್ಟರ್ ಒತ್ತಿದರೆ ಸದ್ದಿಲ್ಲ. ಜೋರಾಗಿ ಒತ್ತಿದರೂ ಇಲ್ಲ. ಮತ್ತೆ ಲಿನಕ್ಸಿನ ಕಿತಾಪತಿಯೇ ಇರಬೇಕೆಂದು ಅದನ್ನು ಶಪಿಸುತ್ತ ಎಲ್ಲ ತಡಕಾಡಿದೆ. ಕೊನೆಗೆ ನೋಡಿದರೆ, ಪ್ಲಾಸ್ಟರಿನ ಅಂಟು ಒತ್ತಿ ಒತ್ತಿ ಮೆತ್ತಗಾಗಿ ಗುಂಡಿಯ ಸಂದಿಗೆ ಇಳಿದು ಕಚ್ಚಿಕೊಂಡಿತ್ತು. ಗುಂಡಿ ಎಬ್ಬಿಸಲು ಹೋದರೆ ಅದು ಮುರಿದೇ ಹೋಯಿತು. ಇಷ್ಟು ದಿನ ಲಿನಕ್ಸಿನ ಮೇಲೆ ಹಲ್ಲು ಮಸೆದಿದ್ದೆ. ಈ ಸಲ ಬೈಯಲು ನನ್ನ ಅಂಗಡಿಯ ಪ್ಲಾಸ್ಟರೇ ಸಿಕ್ಕಿತು.

"ಕಡೂರಿಗೆ ಹೋಗಿ ಬೇರೆ ಕೀಬೋರ್ಡ್ ತತ್ತೀನಿ ಅಪ್ಪಾಜಿ," ಅಂದೆ. "ಅಲ್ಲಿಗಂಟ ಹೊತ್ತು ಹೋಗ್ಬೇಕು ಅಂದ್ರೆ ಇದೊಂದು ಗುಂಡಿ ಇದೆ ನೋಡಿ." ಕೆಳಬಾಣದ ಗುಂಡಿಯ ಮೇಲೆ ಅವರ ಬೆರಳಿಟ್ಟೆ. "ಇದು ಒತ್ತಿದ್ರೆ ಒಂದೇ ಸಾಲು ಓದಿ ಸುಮ್ನಾಗ್ತದೆ. ಪ್ರತಿ ಸಾಲಿಗೂ ಒತ್ತಬೇಕು, ಬೇಜಾರು. ಬೇರೆ ಬರೋವರ್ಗೂ ಹಿಂಗೇ ಅಡ್ಜಸ್ಟ್ ಮಾಡ್ಕಳಿ."

"ಹೂಂ," ಅಂದರು.

ಕಡೂರಿನ ಬಸ್ ನಿಂತು ನಿಂತು ಹೋಯಿತು. ಅಂಗಡಿಯಲ್ಲಿ ಕೀಬೋರ್ಡಿನ ಪ್ಲಸ್ ಗುಂಡಿಯನ್ನು ನಾನೇ ಒತ್ತಿ ಒತ್ತಿ ನೋಡಿ ಆರಿಸಿದೆ. ವಾಪಸು ಬರುವಾಗ ಕಿಟಕಿಯ ಪಕ್ಕ ಕೂತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಇದೂ ಆಗದಿದ್ದರೆ ಮುಗಿಯಿತು, ಮಠಕ್ಕೆ ಫೋನ್ ಮಾಡಿ ಬೇರೆಯವರನ್ನು ಕರೆದುಕೊಳ್ಳಿ ಎಂದು ಹೇಳುವುದೇ ಸರಿ. ಆ ಫೋನನ್ನು ಅಪ್ಪಾಜಿಯ ಕೈಲಿ ಮಾಡಿಸಬಾರದು, ನಾನೇ ಮಾಡಬೇಕು.

ಬಸ್ಸಿಳಿದು ನಮ್ಮ ಅಂಗಡಿಗೆ ಬಂದಾಗ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು, "ಒಳಗೆ ಯಾರೋ ನೆಂಟ್ರು ಬಂದಿದಾರಾ? ಆವಾಗ್ಲಿಂದ ಅಪ್ಪಾಜಿ ಮಾತಾಡ್ತಾನೇ ಅವ್ರೆ," ಅಂದರು. "ನಾ ಹೋಗಿ ನೋಡಾನ ಅಂದ್ರೆ ಗಿರಾಕಿ ಬಿಡ್ಲಿಲ್ಲ."

ಒಳಗೆ ಹೋದೆ. ನೆಂಟರು ಯಾರೂ ಇರಲಿಲ್ಲ. ಅಪ್ಪಾಜಿ ಬೆನ್ನು ನೆಟ್ಟಗೆ ಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. ಯಂತ್ರ ಅದೇ ಡಬ್ಬದ ಧ್ವನಿಯಲ್ಲಿ ಒಂದು ಸಾಲು ಓದಿ ನಿಂತಿತು. ಅಪ್ಪಾಜಿ, "ಅಂದ್ರೇನಪ್ಪಾ ಅಂದ್ರೆ," ಎಂದು ಶುರುಮಾಡಿ, ಆ ಸಾಲಿನ ಒಂದೊಂದು ಪದವನ್ನೂ ಬಿಡಿಸಿ, ಅದಕ್ಕೊಂದು ದೃಷ್ಟಾಂತ ಹೇಳಿ, ಎದುರಿನ ಗೋಡೆಯನ್ನು, "ಏನ್ರಪ್ಪಾ, ನಿದ್ದೆ ಮಾಡ್ತಿದೀರಾ?" ಎಂದು ಗದರಿಸಿ, ಬಾಣದ ಗುಂಡಿ ಒತ್ತಿದರು. ಮುಂದಿನ ಸಾಲು ಬಂತು. ಪದ್ಯದಲ್ಲಿ ಸಾಲು ಮುರಿಯುವ ಕಡೆ ಪದವೂ ಅರ್ಧಕ್ಕೆ ಮುರಿದಿರುತ್ತದೆ. ಅಂಥ ಕಡೆ ಮಾತಾಡದೆ ಇನ್ನೊಂದು ಸಲ ಒತ್ತಿ, ಪದ ಜೋಡಿಸಿಕೊಂಡು, ಆಮೇಲೆ ಅರ್ಥ ಹೇಳುತ್ತಿದ್ದರು. ವರ್ಷಗಳಿಂದ ನಾನು ಕೇಳದಿದ್ದ ಆ ಗಟ್ಟಿ ಧ್ವನಿ ಮನೆಯ ತುಂಬ ಇತ್ತು.

ನನಗೆ ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. ಇದಕ್ಕೆ ಯಾವ ಧ್ವನಿಯೂ ಬೇಕಿರಲಿಲ್ಲ, ಯಾವ ತಿದ್ದುಪಡಿಯೂ ಬೇಕಿರಲಿಲ್ಲ. ಈ ಗುಂಡಿ ಮೊದಲ ದಿನದಿಂದಲೂ ಅಲ್ಲೇ ಇತ್ತು.

"ಅಪ್ಪಾಜಿ, ಹೊಸ ಕೀಬೋರ್ಡ್ ತಂದಿದೀನಿ. ಇದ್ರಲ್ಲಿ ಪ್ಲಸ್ ಚೆನ್ನಾಗಿದೆ," ಅಂದೆ. ನನ್ನ ದನಿಯಲ್ಲಿ ಬಿಗುವಿತ್ತು.

"ಬ್ಯಾಡ ಬಿಡವ್ವ, ಇದೇ ಇರ್ಲಿ. ಈಗ ಇವ್ನಿಗೆ ನಿಲ್ಲಾದು ಗೊತ್ತಾಗೈತೆ. ಮಠಕ್ಕೆ ಫೋನ್ ಮಾಡು, ಶ್ರಾವಣಕ್ಕೆ ಬತ್ತೀನಿ ಅಂತ ಹೇಳು."

ನಾನು ಫೋನ್ ತೆಗೆದುಕೊಳ್ಳದೆ ಅಲ್ಲೇ ನಿಂತೆ. "ನಿಲ್ಲಬೇಕು ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ ಅಪ್ಪಾಜಿ? ಧ್ವನಿ ಸರಿಯಿಲ್ಲ ಅಂದ್ಕಂಡು ನಾನು ಎಷ್ಟು ಒದ್ದಾಡ್ದೆ! ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

ಅಪ್ಪಾಜಿ ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದರು. ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಸಿಟ್ಟಾಗಲಿ, ಕೊಂಕಾಗಲಿ ಇರಲಿಲ್ಲ.

"ದಿನಾ ಬೆರಳು ಎತ್ತಿದ್ನಲ್ಲವ್ವಾ," ಅಂದರು. "ನಿಂಗೆ ಕಣ್ಣು ಕಾಣ್ತವಲ್ಲ."

ಆಮೇಲೆ ತಿರುಗಿ, ಬಾಣದ ಗುಂಡಿಯನ್ನು ಹುಡುಕಿ ಒತ್ತಿದರು. ಮುಂದಿನ ಸಾಲು ಬಂತು. ನಾನು ಚೀಲವನ್ನು ಗೋಡೆಗೊರಗಿಸಿ ನೆಲದ ಮೇಲೆ ಕೂತೆ.